ವಾರ್ಡ್ ಮರುವಿಂಗಡಣೆಯ ಕರಡಿಗೆ ಆಕ್ಷೇಪಣೆ ಸಲ್ಲಿಸುವ ಬಗೆ

ಬೆಂಗಳೂರಿನ ವಾರ್ಡ್‌ಗಳ ಗಡಿಯನ್ನು ಅಧಿಸೂಚನೆಯ ಮೂಲಕ ನಿಗದಿಪಡಿಸುವ ಅಧಿಕಾರ ಪಾಲಿಕೆಗಿಲ್ಲ, ಅದು ರಾಜ್ಯ ಸರ್ಕಾರಕ್ಕೆ ಸೇರಿದ್ದು. 198ರಷ್ಟಿದ್ದ ವಾರ್ಡ್‌ಗಳು 2022ರಲ್ಲಿ 243 ಆಗಿ, ಸರ್ಕಾರ ಬದಲಾದ ಮೇಲೆ 2023ರಲ್ಲಿ 225ಕ್ಕೆ ಇಳಿದು, 2025ರಲ್ಲಿ ನಗರವು ಐದು ಪಾಲಿಕೆಗಳಾಗಿ ಒಡೆದ ಬಳಿಕ ಒಟ್ಟು 369ಕ್ಕೆ ಏರಿದವು. ಈ ಮೂರೂ ಸಲ ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ ಸಿಕ್ಕಿದ್ದು ಸುಮಾರು ಹದಿನೈದು ದಿನ ಮಾತ್ರ. ಮರುವಿಂಗಡಣೆಯ ಕಾನೂನಿನ ಸಿಂಧುತ್ವವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸದಂತೆ ಸಂವಿಧಾನದ 243 ಝಡ್‌ಜಿ ವಿಧಿ ತಡೆಯೊಡ್ಡಿರುವುದರಿಂದ, ನಾಗರಿಕರ ಮಾತಿಗೆ ಹೆಚ್ಚು ಬೆಲೆಯಿರುವುದು ಈ ಹದಿನೈದು ದಿನಗಳಲ್ಲಿಯೇ.

ಕರಡು ಕೈಗೆ ಬಂದೊಡನೆ ನಕ್ಷೆಗಿಂತ ಮೊದಲು ಗಡಿ ವಿವರಣೆಯನ್ನು ಓದಬೇಕು. ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಎಂದು ದಿಕ್ಕಿಗೊಂದರಂತೆ ರಸ್ತೆ, ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ), ರೈಲುಹಳಿಗಳ ಹೆಸರು ಅಲ್ಲಿರುತ್ತದೆ. ಅದನ್ನು ಹಿಡಿದು ಒಂದು ಬೆಳಿಗ್ಗೆ ಗಡಿಯುದ್ದಕ್ಕೂ ನಡೆದುಬರುವುದು ಒಳ್ಳೆಯದು. ಒಂದೇ ಬಡಾವಣೆಯ ಎದುರುಬದುರು ಮನೆಗಳು ಬೇರೆ ಬೇರೆ ವಾರ್ಡಿಗೆ ಹಂಚಿಹೋಗಿರುವುದು ಕಾಗದದಲ್ಲಿ ಕಾಣುವುದಿಲ್ಲ, ರಸ್ತೆಯಲ್ಲಿ ನಿಂತಾಗ ಕಾಣುತ್ತದೆ.

ಆಮೇಲೆ ಲೆಕ್ಕ. ಮೇಲೆ ಹೇಳಿದ ಮೂರೂ ಮರುವಿಂಗಡಣೆಗಳಿಗೆ 2011ರ ಜನಗಣತಿಯೇ ಆಧಾರ. ಐದಾಗಿ ಒಡೆಯುವ ಮುನ್ನ ಇಡೀ ನಗರಕ್ಕಿದ್ದ ಪಾಲಿಕೆಯಾದ ಬಿಬಿಎಂಪಿ ವ್ಯಾಪ್ತಿಯ ಅಂದಿನ ಸುಮಾರು 84.4 ಲಕ್ಷ ಜನರನ್ನು 225 ವಾರ್ಡ್‌ಗಳಿಗೆ ಹಂಚಿದರೆ ಸರಾಸರಿ 37,500 ಬರುತ್ತದೆ. ನಿಮ್ಮ ವಾರ್ಡಿನ ಜನಸಂಖ್ಯೆಯನ್ನೂ ಹೀಗೆಯೇ ಪಾಲಿಕೆಯ ಸರಾಸರಿಯೊಂದಿಗೆ ಹೋಲಿಸಿ, ವ್ಯತ್ಯಾಸ ಶೇಕಡಾ ಎಷ್ಟೆಂದು ಬರೆದಿಡಬೇಕು. ಹೊರವಲಯದ ಜನಸಂಖ್ಯೆ 2011ರಿಂದ ಎಷ್ಟೋ ಪಟ್ಟು ಬೆಳೆದಿದೆ ಎಂಬ ವಾದ ನಿಜವೇ ಆದರೂ ಅಧಿಕೃತ ಗಣತಿಯ ಮುಂದೆ ಅದು ನಿಲ್ಲುವುದು ಕಷ್ಟ.

ಆಕ್ಷೇಪಣೆಯಲ್ಲಿ ‘ನಮ್ಮ ಬಡಾವಣೆಗೆ ಅನ್ಯಾಯವಾಗಿದೆ’ ಎಂದಷ್ಟೇ ಬರೆದರೆ ಅಧಿಕಾರಿಗಳಿಗೆ ತಿದ್ದಲು ಏನೂ ಸಿಗುವುದಿಲ್ಲ. ಅದರ ಬದಲು, ‘ಪೂರ್ವದ ಗಡಿಯನ್ನು 5ನೇ ಅಡ್ಡರಸ್ತೆಯ ಬದಲು ರಾಜಕಾಲುವೆಗೆ ಸರಿಸಬೇಕು, ಇದರಿಂದ ನೆರೆಯ ವಾರ್ಡಿನಿಂದ ಇಂತಿಷ್ಟು ಜನ ಇತ್ತ ಸೇರಿ ಎರಡೂ ವಾರ್ಡ್‌ಗಳು ಸರಾಸರಿಗೆ ಹತ್ತಿರವಾಗುತ್ತವೆ’ ಎಂದು ಬರೆಯಬೇಕು. ಗಣತಿ ಬ್ಲಾಕಿನ (ಜನರನ್ನು ಎಣಿಸಲು ಗುರುತಿಸಿದ ಸಣ್ಣ ಪ್ರದೇಶದ) ಸಂಖ್ಯೆ ಸಿಕ್ಕರೆ ಅದನ್ನೂ ಸೇರಿಸಬೇಕು. ನೂರು ಜನ ಸಹಿ ಹಾಕಿದ ಒಂದೇ ಒಕ್ಕಣೆಯ ಮನವಿಗಿಂತ ಇಂಥ ಒಂದು ಪುಟವೇ ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ಅಭಿಪ್ರಾಯ. ಕರಡಿನಲ್ಲಿ ಸೂಚಿಸಿದ ವಿಳಾಸಕ್ಕೆ ಅದನ್ನು ಲಿಖಿತವಾಗಿ ಸಲ್ಲಿಸಿ, ಮೊಹರು ಮತ್ತು ದಿನಾಂಕವಿರುವ ಸ್ವೀಕೃತಿಯನ್ನು ಮರೆಯದೆ ಪಡೆಯಬೇಕು.

ಪಂಚಾಯಿತಿಗಳ ದಾರಿ ಬೇರೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಕ್ಷೇತ್ರಗಳ ಗಡಿ ಗುರುತಿಸುವ ಕೆಲಸವನ್ನು ಪಂಚಾಯತ್ ರಾಜ್ ಕಾಯ್ದೆಯ 2021ರ ತಿದ್ದುಪಡಿಯು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು, ಸರ್ಕಾರ ನೇಮಿಸುವ ಸೀಮಾ ನಿರ್ಣಯ ಆಯೋಗಕ್ಕೆ ಒಪ್ಪಿಸಿತು. ಚುನಾವಣೆ ನಡೆಸುವವರೇ ಗಡಿಯನ್ನೂ ಎಳೆಯುವ ಹಿಂದಿನ ಪದ್ಧತಿಯೇ ವಾಸಿಯಿತ್ತೆಂದು ನನಗನಿಸುತ್ತದೆ.

ವಾರ್ಡಿನ ಮೀಸಲಾತಿಯ ಬಗ್ಗೆ ತಕರಾರಿದ್ದರೆ ಅದನ್ನು ಗಡಿಯ ಆಕ್ಷೇಪಣೆಯಲ್ಲಿ ಸೇರಿಸಬಾರದು. ಮೀಸಲಾತಿಗೆ ಬೇರೆ ಕರಡು ಬರುತ್ತದೆ, ಅದರ ಗಡುವೂ ಬೇರೆ.