ಧರಿಸಿದ್ದೋ, ಪಕ್ಕದಲ್ಲಿ ಇಟ್ಟದ್ದೋ: ಲ್ಯಾಂಕ್‌ಹಿಲ್ಸ್ ಸಮಾಧಿಗಳೊಂದಿಗೆ ನನ್ನ ಅನುಭವ

ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿರುವ ಲ್ಯಾಂಕ್‌ಹಿಲ್ಸ್, ಮುಖ್ಯವಾಗಿ ಕ್ರಿ.ಶ. 4ನೆಯ ಶತಮಾನಕ್ಕೆ ಸೇರಿದ ರೋಮನ್ ಸ್ಮಶಾನ. 1967ರಿಂದ 1972ರವರೆಗೆ ಅಲ್ಲಿ ಉತ್ಖನನ ನಡೆಸಿದ ಜೈಲ್ಸ್ ಕ್ಲಾರ್ಕ್ ಅವರು, ಕೆಲವು ಸಮಾಧಿಗಳು ಡ್ಯಾನ್ಯೂಬ್ ನದಿಯ ಪನ್ನೋನಿಯಾ ಪ್ರಾಂತ್ಯದಿಂದ, ಎಂದರೆ ಇಂದಿನ ಹಂಗೆರಿಯ ಕಡೆಯಿಂದ ಬಂದವರವು ಎಂದು ವಾದಿಸಿದ್ದರು.

ಸ್ನಾತಕೋತ್ತರ ಪ್ರಬಂಧಕ್ಕಾಗಿ ಈ ವಾದವನ್ನು ಪರಿಶೀಲಿಸಲು ಹೊರಟ ನಾನು ಮೊದಲು ವಸ್ತುಗಳನ್ನಷ್ಟೇ ಎಣಿಸಿ ಪಟ್ಟಿ ಮಾಡಿದೆ. ಒಂದು ತಿಂಗಳ ಆ ಶ್ರಮದಿಂದ ಏನೂ ತಿಳಿಯಲಿಲ್ಲ, ಏಕೆಂದರೆ ಬಳೆಗಳು ಪನ್ನೋನಿಯಾದವರವು ಎನ್ನಲಾದ ಮತ್ತು ಸ್ಥಳೀಯರವು ಎನ್ನಲಾದ ಎರಡೂ ಬಗೆಯ ಸಮಾಧಿಗಳಲ್ಲಿದ್ದವು; ಬಟ್ಟೆಗೆ ಚುಚ್ಚಿಕೊಳ್ಳುವ ಅಡ್ಡಬಿಲ್ಲಿನಾಕಾರದ ಪಿನ್ನು, ಅಂದರೆ ಬ್ರೋಚ್ ಕೂಡ ಸಾಮ್ರಾಜ್ಯದ ಉದ್ದಗಲಕ್ಕೂ ಸೈನಿಕರು ಮತ್ತು ಅಧಿಕಾರಿಗಳು ತೊಡುತ್ತಿದ್ದುದರಿಂದ, ಅದೊಂದನ್ನೇ ಹಿಡಿದು ಪೂರ್ವದವನೆಂದು ಹೇಳುವಂತಿರಲಿಲ್ಲ. ಆಮೇಲೆ ಪ್ರಕಟಿತ ಸಮಾಧಿ ನಕ್ಷೆಗಳ ಮೇಲೆ ಪಾರದರ್ಶಕ ಕಾಗದವಿಟ್ಟು, ಪ್ರತಿಯೊಂದು ವಸ್ತುವೂ ಯಾವ ಮೂಳೆಯ ಬಳಿ ಇತ್ತೆಂದು ಒಂದೊಂದಾಗಿ ಗುರುತು ಹಾಕುತ್ತಾ ಹೋದೆ. ಒಂದೆಡೆ ಬಳೆಗಳು ಮುಂಗೈ ಮೂಳೆಯನ್ನು ಸುತ್ತಿಕೊಂಡೇ ಇದ್ದವು, ಗಾಜಿನ ಮಣಿಗಳು ಕತ್ತಿನ ಸುತ್ತ ಉದುರಿದ್ದವು. ಇನ್ನೊಂದೆಡೆ ಅಂಥವೇ ಬಳೆಗಳನ್ನು ಕೈಯಿಂದ ತೆಗೆದು, ಒಟ್ಟುಮಾಡಿ ದೇಹದ ಪಕ್ಕದಲ್ಲಿ ಇರಿಸಲಾಗಿತ್ತು. ಕ್ಲಾರ್ಕ್ ಅವರ ವಾದದ ತಿರುಳಿರುವುದು ಇಲ್ಲಿಯೇ: ಸತ್ತವರಿಗೆ ಆಭರಣ ತೊಡಿಸಿ ಹೂಳುವುದು ಪನ್ನೋನಿಯಾದ ಕ್ರಮ, ಕಳಚಿ ಇಡುವುದು ಸ್ಥಳೀಯ ಕ್ರಮ. ವಸ್ತುವಿಗಿಂತ ಅದು ಇದ್ದ ಜಾಗಕ್ಕೇ ಹೆಚ್ಚು ಬೆಲೆ ಎಂಬುದು ಆ ನಕ್ಷೆಗಳ ಮೇಲೆ ಕುಳಿತಾಗಲೇ ನನಗೆ ಮನದಟ್ಟಾಯಿತು.

ಆದರೂ ಹಲ್ಲುಗಳ ಸಾಕ್ಷ್ಯ ಅಷ್ಟು ಸರಳವಾಗಿರಲಿಲ್ಲ. ಬಾಲ್ಯದಲ್ಲಿ ರೂಪುಗೊಳ್ಳುವ ಹಲ್ಲಿನ ಎನಾಮಲ್‌ನಲ್ಲಿ ಆಗ ಕುಡಿದ ನೀರಿನ ಆಮ್ಲಜನಕದ ಮತ್ತು ಆ ನೆಲದ ಸ್ಟ್ರಾಂಷಿಯಂನ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಗುರುತು ಉಳಿದುಬಿಡುತ್ತದೆ; ಅದು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗಿರುವುದರಿಂದ ಸತ್ತವರು ಎಲ್ಲಿ ಬೆಳೆದರೆಂದು ಊಹಿಸಬಹುದು. 2006 ಮತ್ತು 2009ರಲ್ಲಿ ಪ್ರಕಟವಾದ ಅಧ್ಯಯನಗಳ ಪ್ರಕಾರ, ಪನ್ನೋನಿಯಾದ ಕ್ರಮದಲ್ಲಿ ಹೂಳಲ್ಪಟ್ಟ ಕೆಲವರು ನಿಜಕ್ಕೂ ಹೊರಗಿನವರು, ಆದರೆ ಅವರೆಲ್ಲ ಒಂದೇ ಊರಿನವರಲ್ಲ; ಇನ್ನು ಕೆಲವರು ಬ್ರಿಟನ್ನಿನಲ್ಲೇ ಬೆಳೆದವರು.

ಇದರಿಂದ ಕ್ಲಾರ್ಕ್ ಅವರ ವಾದ ಬಿದ್ದುಹೋಯಿತೆಂದು ನಾನು ಒಪ್ಪುವುದಿಲ್ಲ. ಇಲ್ಲೇ ಬೆಳೆದ ಹೆಣ್ಣುಮಗಳೊಬ್ಬಳ ಕೈಗೆ ಬಳೆ ತೊಡಿಸಿಯೇ ಮಣ್ಣು ಮಾಡಿದ್ದರೆ, ವಲಸೆ ಬಂದವರ ಪದ್ಧತಿ ಮಕ್ಕಳ ತಲೆಮಾರಿಗೂ ಅಥವಾ ಮದುವೆಯ ಮೂಲಕ ಸ್ಥಳೀಯರಿಗೂ ದಾಟಿದ್ದಿರಬಹುದು. ಹಾಗಾಗಿ ನನ್ನ ಪಟ್ಟಿಯಲ್ಲಿ ‘ಮೂಲ’ ಎಂದಿದ್ದ ಒಂದೇ ಅಂಕಣವನ್ನು ಅಳಿಸಿ ಎರಡು ಮಾಡಿದೆ: ಸತ್ತವರು ಎಲ್ಲಿ ಬೆಳೆದರು ಎಂಬುದೊಂದು, ಹೂಳಿದವರು ಯಾವ ಕ್ರಮ ಅನುಸರಿಸಿದರು ಎಂಬುದು ಇನ್ನೊಂದು.