ಡಾಪ್ಲರ್ ಕ್ಲಿಯರ್, ಕಾಲು ಮಾತ್ರ ದಪ್ಪ: ನನ್ನ ಅನುಭವ

ಡಿವಿಟಿ (ಕೈ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಕಾಯಿಲೆ) ವಾಸಿಯಾದ ಮಕ್ಕಳನ್ನು ವರ್ಷಗಟ್ಟಲೆ ಫಾಲೋಅಪ್‌ಗೆ ಕರೆಸ್ತೀನಿ ಅಂದಾಗ ನಮ್ಮಲ್ಲಿ ಯಾರೂ ಒಪ್ಪಲಿಲ್ಲ. ‘ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಕ್ಲಿಯರ್ ಇದೆ, ಹೆಪ್ಪುಗಟ್ಟದ ಹಾಗೆ ಕೊಡೋ ಹೆಪಾರಿನ್ ಮುಗೀತು, ಇನ್ನೇನ್ರೀ ನೋಡ್ತೀರಿ?’ ಅಂದರು ಹಿರಿಯರು. ರಕ್ತನಾಳ ತೆರೆದುಕೊಂಡರೂ ಅದರೊಳಗಿನ ಕವಾಟ ಕೆಟ್ಟಿದ್ದರೆ ಪೋಸ್ಟ್ ಥ್ರಾಂಬೋಟಿಕ್ ಸಿಂಡ್ರೋಮ್, ಅಂದರೆ ಆ ಕೈಯಲ್ಲೋ ಕಾಲಲ್ಲೋ ಉಳಿಯೋ ಊತ, ನೋವು, ಬರಬಹುದು. ಅದನ್ನು ಹಿಡಿಯೋದು ಕಣ್ಣು, ಕೈ, ಟೇಪು.

ಆ ಟೇಪಿನಲ್ಲೇ ಮೊದಲು ಸೋತಿದ್ದು. ವಾರ್ಡಿನಲ್ಲಿದ್ದ ದರ್ಜಿ ಟೇಪು ಎಳೆದಷ್ಟೂ ಹಿಗ್ಗುತ್ತಿತ್ತು. ನನ್ನ ಅಳತೆ ಒಂದು, ಸಿಸ್ಟರ್ ಅಳತೆ ಇನ್ನೊಂದು. ಪ್ರತಿ ಸಲ ಒಂದೇ ಬಿಗಿಯಲ್ಲಿ ಎಳೆಯೋಕೆ ಸ್ಪ್ರಿಂಗ್ ಇರೋ ಟೇಪಿಗೆ ಎರಡು ಸಾವಿರದ ಆಸುಪಾಸು. ಆಸ್ಪತ್ರೆಗೆ ಇಂಡೆಂಟ್ (ಬೇಡಿಕೆ ಪತ್ರ) ಹಾಕಿ ಹಾಕಿ ಸಾಕಾಗಿ ಜೇಬಿನಿಂದಲೇ ತಂದೆ. ಒಂದು ಡಾಪ್ಲರ್‌ಗೂ ಹೆಚ್ಚುಕಮ್ಮಿ ಅಷ್ಟೇ ಆಗುತ್ತೆ, ಇದು ವರ್ಷಗಟ್ಟಲೆ ಬರುತ್ತೆ.

ದೊಡ್ಡವರಿಗೆ ಮಾಡೋ ಹಾಗೆ ಮಂಡಿಯಿಂದ 10 ಸೆಂ.ಮೀ. ಕೆಳಗೆ ಅಂತ ಹೊರಟರೆ ಎರಡು ವರ್ಷದ ಮಗುವಿನಲ್ಲಿ ಮೀನಖಂಡವೇ ದಾಟಿಹೋಗುತ್ತೆ. ಈಗ ಮೀನಖಂಡ ಎಲ್ಲಿ ಅತಿ ದಪ್ಪವೋ ಅಲ್ಲಿ, ತೋಳಿನಲ್ಲಾದರೆ ಭುಜದ ತುದಿಗೂ ಮೊಣಕೈಗೂ ನಟ್ಟನಡುವೆ. ಸೆಂಟಿಮೀಟರ್ ಲೆಕ್ಕವನ್ನೂ ಬಿಟ್ಟೆ. 15 ಸೆಂ.ಮೀ. ಸುತ್ತಳತೆಯ ತೋಳಿಗೆ ಒಂದು ಸೆಂಟಿಮೀಟರ್ ವ್ಯತ್ಯಾಸ ಅಂದರೆ ಶೇ. 6–7, 45ರ ತೊಡೆಗೆ ಬರೀ 2. ಮಾಡಿಫೈಡ್ ವಿಲಾಲ್ಟಾದವರು (ಮಕ್ಕಳಲ್ಲಿ ಈ ಸಿಂಡ್ರೋಮ್ ಅಳೆಯೋ ಸ್ಕೇಲ್) ಎರಡು ಕಡೆಯ ವ್ಯತ್ಯಾಸಕ್ಕೆ ಶೇ. 3 ಅಂತ ಗೆರೆ ಎಳೆದದ್ದು ಸುಮ್ಮನೆ ಅಲ್ಲ.

ಆದರೆ ಕೈ ವಿಷಯಕ್ಕೆ ಬಂದರೆ ಆ ಗೆರೆಯೂ ಕೈಕೊಡುತ್ತೆ. ಹೆಪ್ಪಿಗೆ ಕಾರಣವಾದ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕೋ ನಳಿಕೆ) ಬಲಗಡೆ ಹಾಕಿದ್ದು, ಹುಡುಗನೂ ಬಲಗೈಯವನೇ ಆದರೆ ಊತ ಯಾವುದು, ಬಳಸಿ ಬಲಿತ ಸ್ನಾಯು ಯಾವುದು? ಜೊತೆಗೆ ಬರೋ ಅಣ್ಣ ತಂಗಿಯರ ಕೈಯನ್ನೂ ಅಳೆಯೋಕೆ ಶುರುಮಾಡಿದೆ. ಏನೂ ಕಾಯಿಲೆ ಇಲ್ಲದವರಲ್ಲೂ ಎರಡು ಕೈ ಒಂದೇ ಅಳತೆ ಇರೋದು ಅಪರೂಪ. ಬಕೆಟ್ ನೀರಿನಲ್ಲಿ ಕಾಲಿಡಿಸಿ, ಉಕ್ಕಿದ ನೀರು ಅಳೆಯೋ ಪ್ರಯೋಗವನ್ನೂ ಮಾಡಿದೆ. ಮಕ್ಕಳಿಗೆ ಹಬ್ಬ, ಆಯಾಗೆ ನೆಲ ಒರೆಸೋ ಕೆಲಸ.

‘ನೋವಿದೆಯಾ’ ಅಂತ ಕೇಳಿ ಪ್ರಯೋಜನವಿಲ್ಲ. ‘ಇಲ್ಲ ಸಾರ್, ಚೆನ್ನಾಗಿ ಆಡ್ತಾಳೆ’ ಅಂತ ತಾಯಿ ಹೇಳಿಬಿಡ್ತಾರೆ. ಬಳೆ ಎರಡೂ ಕೈಗೆ ಒಂದೇ ಸೈಜ್ ಹಿಡಿಯುತ್ತಾ, ಸಂಜೆ ಹೊತ್ತಿಗೆ ಒಂದು ಸಾಕ್ಸ್ ಮಾತ್ರ ಗೆರೆ ಬೀಳಿಸುತ್ತಾ ಅಂತ ಕೇಳಿ. ಒಬ್ಬ ತಾಯಿ ಅಲ್ಲೇ ಮಗಳ ಬಳೆ ತೆಗೆದು ಇನ್ನೊಂದು ಕೈಗೆ ಹಾಕೋಕೆ ನೋಡಿದರು; ಗೆಣ್ಣು ದಾಟಲಿಲ್ಲ. ಆ ಮಗುವಿನ ಡಾಪ್ಲರ್ ನಾರ್ಮಲ್! ನೋವನ್ನು ಮಗುವಿಗೇ ಮುಖದ ಚಿತ್ರ ತೋರಿಸಿ ಕೇಳ್ತೀನಿ, ಅದೂ ಮೆಟ್ಟಿಲು ಹತ್ತಿ ಇಳಿಸಿದ ಮೇಲೆ. ಈ ವಿಷಯದಲ್ಲಿ, ಮುಖದ ಚಿತ್ರದಲ್ಲೇ ನೋವು ಅಳೆಯೋ ಇನ್ನೊಂದು ಸ್ಕೇಲ್, ಮ್ಯಾಂಕೊ-ಜಾನ್ಸನ್, ವಾಸಿ.

ಎದೆ, ಭುಜದ ಮೇಲಿನ ಕೊಲ್ಯಾಟರಲ್ ನಾಳಗಳು (ಕಟ್ಟಿದ ನಾಳವನ್ನು ಬಳಸಿ ರಕ್ತ ಹರಿಯೋ ಅಡ್ಡದಾರಿಗಳು) ನಮ್ಮ ಮಕ್ಕಳ ಕಂದು ಚರ್ಮದಲ್ಲಿ ಸುಲಭಕ್ಕೆ ಕಾಣೋದಿಲ್ಲ. ಟಾರ್ಚ್ ಹಿಡಿಯೋದರಲ್ಲಿ ಒಂದು ಕೈಚಳಕ ಇದೆ, ಅದು ನನ್ನ ಪಿಜಿ ವಿದ್ಯಾರ್ಥಿಗಳಿಗೆ ಮಾತ್ರ. ಫೋಟೊ ತೆಗೆದಿಡಿ, ಮುಂದಿನ ಸಲ ಹೋಲಿಸೋಕೆ ಬೇಕು.

ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಏನಾದರೊಂದು ಸಿಕ್ಕಿದೆ, ಬಹುಪಾಲು ಸೌಮ್ಯ. ಅಂದು ಬೇಡ ಅಂದವರೇ ಈಗ ಚೀಟಿ ಬರೆದು ಕಳಿಸ್ತಾರೆ. ಬಗೆಹರಿಯದೆ ಉಳಿದಿರೋದು ಊತಕ್ಕೆ ಹಾಕೋ ಬಿಗಿ ಕಾಲುಚೀಲ, ಸ್ಟಾಕಿಂಗ್. ಚಿಕ್ಕ ಸೈಜ್ ಅಂಗಡಿಯಲ್ಲಿ ಇರೋದಿಲ್ಲ, ಅಳತೆ ಕೊಟ್ಟು ಮಾಡಿಸಿದರೆ ಮೂರು ಸಾವಿರದ ಮೇಲೆ, ಆರು ತಿಂಗಳಿಗೆ ಕಾಲು ಬೆಳೆದಿರುತ್ತೆ.