ನಮ್ಮ ಹಲಗೆಯಲ್ಲಿ ಮೊದಲು ಮಳೆ, ಆಮೇಲೆ ಮಿಕ್ಕಿದ್ದು

ನಿವೃತ್ತರೇ ತುಂಬಿರುವ ಜಾಗದಲ್ಲಿ ಸುದ್ದಿಗೇನೂ ಬರ ಇರಲ್ಲ. ಅದರಲ್ಲಿ ನಿಜ ಎಷ್ಟು ಅನ್ನೋದೇ ತಲೆನೋವು. ನಾವಿರುವುದು ಮಡಿಕೇರಿಯಿಂದ ಸುಂಟಿಕೊಪ್ಪದ ಕಡೆ ಇಳಿಯುವಾಗ ಸಿಗುವ ಹಿರಿಯರ ವಸತಿಯಲ್ಲಿ, ಕಾಫಿ ತೋಟದ ಅಂಚಿಗೆ. ಮಿಲಿಟರಿಯಿಂದ ಬಂದವರು, ಬ್ಯಾಂಕಿನವರು, ಮೇಷ್ಟ್ರುಗಳು, ತೋಟ ಮಕ್ಕಳಿಗೆ ಬಿಟ್ಟುಕೊಟ್ಟು ಬಂದವರು, ಮಕ್ಕಳು ಅಮೆರಿಕ ಸೇರಿದ ಮೇಲೆ ಬೆಂಗಳೂರು ಸಾಕು ಅಂತ ಬಂದವರು, ಎಲ್ಲರೂ ಇದ್ದಾರೆ. ವಾಟ್ಸಾಪ್ ಗ್ರೂಪೂ ಇದೆ. ಅದರಲ್ಲಿ ಬೆಳಿಗ್ಗೆ ಗುಲಾಬಿ ಹೂ, ಸಂಜೆ ಶುಗರ್‌ಗೆ ಮನೆಮದ್ದು. ನಾಳೆ ನೀರು ಬರಲ್ಲ ಅನ್ನೋ ಒಂದು ಸಾಲು ಇವೆರಡರ ಮಧ್ಯೆ ಮುಳುಗಿ ಹೋಗಿರುತ್ತೆ. ಅದಕ್ಕೇ ಊಟದ ಹಾಲ್‌ನ ಹೊರಗೆ ಒಂದು ಕಪ್ಪು ಹಲಗೆ ಹಾಕಿಸಿ ದಿನಾ ಬರೆಯೋಕೆ ಶುರು ಮಾಡಿದೆ.

ಹಲಗೆ ಎತ್ತರಕ್ಕೆ ಹಾಕಬೇಡಿ. ಗಾಲಿ ಕುರ್ಚಿಯಲ್ಲಿ ಕೂತವರಿಗೆ ಕತ್ತು ನೋಯದಷ್ಟು ಕೆಳಗಿರಲಿ. ಅಕ್ಷರ ಎರಡು ಇಂಚಿಗಿಂತ ಸಣ್ಣದಾದರೆ ಸುಮ್ನೆ ಬರೆದ ಹಾಗೆ. ಬಿಳಿ ಮತ್ತು ಹಳದಿ ಚಾಕ್ ಸಾಕು, ಕೆಂಪು ವಯಸ್ಸಾದ ಕಣ್ಣಿಗೆ ಕಾಣಲ್ಲ. ಜೂನ್ ಬಂತೆಂದರೆ ಇನ್ನೊಂದು ಗೋಳು. ಚಾಕ್ ಥಂಡಿ ಹಿಡಿದು ಹಲಗೆಯ ಮೇಲೆ ಜಾರುತ್ತೆ, ಗೆರೆ ಮೂಡೋದೇ ಇಲ್ಲ. ನಮ್ಮ ಅಡುಗೆಯವರು ಅದನ್ನ ಒಂದು ಡಬ್ಬಿಯಲ್ಲಿ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿ, ಏಲಕ್ಕಿ ಡಬ್ಬಿಯ ಪಕ್ಕ ಇಡುತ್ತಾರೆ. ಅಲ್ಲಿಂದ ತೆಗೆದ ಚಾಕ್ ಗರಿಗರಿಯಾಗಿ ಬರೆಯುತ್ತೆ, ಕೈಯೆಲ್ಲ ಏಲಕ್ಕಿ ವಾಸನೆ.

ಮೊದಲ ಸಾಲು ಯಾವಾಗಲೂ ಮಳೆಯದ್ದು. ಕೊಡಗಿನಲ್ಲಿ ಫೋನ್ ಎತ್ತಿದ ಕೂಡಲೇ ಕೇಳೋದು "ನಿಮ್ಮಲ್ಲಿ ಎಷ್ಟು ಬಂತು" ಅಂತ ತಾನೇ? ತೋಟದವರು ಇವತ್ತಿಗೂ ಇಂಚು, ಸೆಂಟಿನಲ್ಲೇ ಮಾತಾಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಮಿಲಿಮೀಟರಿನಲ್ಲಿ ಬರೆದರೆ ಬೆಂಗಳೂರಿನವರಿಗೆ ಖುಷಿ, ಇಲ್ಲಿಯವರು "ಅದೆಷ್ಟಾಯ್ತು ಹೇಳಿ" ಅಂತ ಮತ್ತೆ ಕೇಳುತ್ತಾರೆ. ಎರಡೂ ಬರೆಯುತ್ತೇನೆ.

ಮಳೆ ಮಾಪಕವನ್ನ ಕಟ್ಟಡದ ಪಕ್ಕ, ಮರದ ಕೆಳಗೆ ಇಡಬಾರದು. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇರಬೇಕು. ಸಿಲ್ವರ್ ಓಕ್ ತುಂಬಿದ ಜಾಗದಲ್ಲಿ ಅಂಥ ಬಯಲು ಹುಡುಕೋದೇ ಒಂದು ಕೆಲಸ. ನಮಗೆ ಸಿಕ್ಕಿದ್ದು ಬಟ್ಟೆ ಒಣಗಿಸುವ ಅಂಗಳ. ಬೆಳಿಗ್ಗೆ 8:30ಕ್ಕೆ ಓದಬೇಕು, ಹವಾಮಾನ ಇಲಾಖೆಯ ಲೆಕ್ಕವೂ ಅದೇ ಹೊತ್ತಿಗೆ. ಅಳತೆಯ ಗಾಜನ್ನ ಕಣ್ಣಿನ ನೇರಕ್ಕೆ ಹಿಡಿದು, ನೀರು ಅಂಚಿನಲ್ಲಿ ಮೇಲೇರಿರುತ್ತಲ್ಲ ಅದನ್ನ ಬಿಟ್ಟು ನಡುವಿನ ತಗ್ಗನ್ನ ನೋಡಬೇಕು. ಗಾಜಿನ ಗೆರೆಗಳು ಆ ಮಾಪಕದ ಬಾಯಿಯ ಅಗಲಕ್ಕೆ ತಕ್ಕಂತೆ ಇರುತ್ತವೆ. ಒಡೆದರೆ ಬೇರೆ ಮಾಪಕದ ಗಾಜು ತಂದು ಸುರಿದರೆ ಲೆಕ್ಕವೆಲ್ಲ ಎಡವಟ್ಟು. ಜುಲೈಯಲ್ಲಿ ಜೋರು ಹಿಡಿದರೆ ಒಳಗಿನ ಬಾಟಲಿ ತುಂಬಿ ಚೆಲ್ಲುತ್ತೆ, ಆಗ ಸಂಜೆಯೂ ಒಮ್ಮೆ ಅಳೆದು ಬರೆದಿಟ್ಟು ಬೆಳಿಗ್ಗೆ ಕೂಡಿಸಿಕೊಳ್ಳುತ್ತೇವೆ.

ಅಳೆಯುವ ಕೆಲಸ ನಮ್ಮ ಸುಬೇದಾರರದ್ದು. ಅವರು ಓದಿದ ಮೇಲೆ ಇನ್ನೊಬ್ಬರು ಓದಬೇಕು, ಇಬ್ಬರೂ ಪುಸ್ತಕದಲ್ಲಿ ಸಹಿ ಹಾಕಬೇಕು. ನನಗೆ ಇದು ಮೊದಮೊದಲು ಜಾಸ್ತಿ ಆಯ್ತು ಅನ್ನಿಸಿತ್ತು. ಆದರೆ ಆ ಎರಡನೇ ಸಹಿಗಾಗಿಯೇ ರೂಮು ಬಿಟ್ಟು ಹೊರಗೆ ಬರುವವರಿದ್ದಾರೆ. ಸೋಮವಾರಪೇಟೆ ಕಡೆಯ ಒಬ್ಬ ಅಜ್ಜಿ ತಿಂಡಿಗೂ ಬರದೆ ರೂಮಿಗೇ ತರಿಸಿಕೊಳ್ಳುವವರು, ಫೆಬ್ರವರಿ ಮುಗಿಯುವ ಹೊತ್ತಿಗೆ ದಿನಾ ಹಲಗೆ ಮುಂದೆ ಹಾಜರ್. ರೊಬಸ್ಟಾ ಕಾಫಿಗೆ ಹೂ ಅರಳಿಸುವ ಹೂಮಳೆ ಒಂದು ಇಂಚಿನ ಆಸುಪಾಸು ಬೇಕು, ಅದಾಗಿ ಎರಡು ಮೂರು ವಾರಕ್ಕೆ ಕಾಯಿ ಕಚ್ಚಲು ಬ್ಯಾಕಿಂಗ್ ಮಳೆ. ಇಪ್ಪತ್ತು ಸೆಂಟ್ ಅಂತ ಕಂಡರೆ ಅವರ ಮುಖ ಬಾಡುತ್ತೆ. ತೋಟ ಮಗನ ಹೆಸರಿಗೆ ಹೋಗಿ ಎಷ್ಟೋ ಕಾಲವಾಯ್ತು, ಆದರೂ ಅಲ್ಲೇ ನಿಂತು ಅವನಿಗೆ ಫೋನ್ ಮಾಡಿ ಸ್ಪ್ರಿಂಕ್ಲರ್ ಹಾಕು ಅಂತ ಹೇಳುತ್ತಾರೆ.

ಮಳೆಗಾಲದಲ್ಲಿ ಭಾಗಮಂಡಲದ ಮಳೆ ಮತ್ತು ಹಾರಂಗಿ ಜಲಾಶಯದ ಮಟ್ಟವನ್ನೂ ಸೇರಿಸುತ್ತೇನೆ. ಹಾರಂಗಿ ತುಂಬಿದರೆ 2859 ಅಡಿ. 2018ರ ಆಗಸ್ಟ್ ನೋಡಿದವರಿಗೆ, ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನ ಕಂಡವರಿಗೆ, ಈ ಅಂಕಿ ಬರೀ ಅಂಕಿ ಅಲ್ಲ. ಅಂಥ ದಿನಗಳಲ್ಲೇ ಗಾಳಿಸುದ್ದಿಯೂ ಜಾಸ್ತಿ. ಎಲ್ಲಿಯದೋ ಹಳೇ ವಿಡಿಯೋ ಕಳಿಸಿ ನಮ್ಮದೇ ಗುಡ್ಡ ಅಂತಾರೆ. ಅದಕ್ಕೆ ಒಂದು ನಿಯಮ ಮಾಡಿಕೊಂಡೆ: ಯಾರು ನೋಡಿದ್ದು, ಎಷ್ಟು ಗಂಟೆಗೆ, ಇದೆರಡೂ ಇಲ್ಲದೆ ರಸ್ತೆ, ಗುಡ್ಡ, ಆನೆಯ ಸುದ್ದಿ ಬರೆಯಲ್ಲ. "ಬೆಳಿಗ್ಗೆ 6:40, ಹಾಲಿನವರು, ಗೇಟಿನ ಹತ್ರ ಎರಡು ಆನೆ" ಅಂತ ಇದ್ದರೆ ಆ ದಿನ ಯಾರೂ ವಾಕಿಂಗ್ ಹೋಗಲ್ಲ, ಅಷ್ಟೇ. ಪೇಪರಿನಲ್ಲಿ ಬಂದಿದ್ದಾದರೆ ಪೇಪರಿನ ಹೆಸರು ಹಾಕುತ್ತೇನೆ. ರಾಜಕೀಯ ಪೂರ್ತಿ ಬಂದ್, ಅದಕ್ಕೆ ಸಂಜೆಯ ಕಾಫಿ ಇದೆ.

ಸಾವಿನ ಸುದ್ದಿಗೆ ಬೇರೆ ಜೋಪಾನ ಬೇಕು. ಕೊಡವರ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ. ಅಲ್ಲಿ ಸುದ್ದಿ ಹೊರಡುವುದೇ ಮನೆಯವರಿಂದ. ನಮ್ಮಲ್ಲೂ ಮನೆಯವರು ಹೇಳುವ ತನಕ ಚಾಕ್ ಮುಟ್ಟಲ್ಲ. ಹೆಸರು, ಊರು, ಅಂತ್ಯಕ್ರಿಯೆ ಎಲ್ಲಿ, ಎಷ್ಟು ಗಂಟೆಗೆ, ಗಾಡಿ ಎಷ್ಟಕ್ಕೆ ಹೊರಡುತ್ತೆ. ಏನು ಕಾಯಿಲೆ ಅಂತ ಬರೆಯಲ್ಲ.

ನವೆಂಬರಿನಲ್ಲಿ ಅರ್ಧ ಹಲಗೆ ಜೀವನ ಪ್ರಮಾಣ ಪತ್ರಕ್ಕೆ, ಅಂದರೆ ಪಿಂಚಣಿಯವರು ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ಕೊಡುವ ಪತ್ರಕ್ಕೆ. ಕೇಂದ್ರ ಸರ್ಕಾರದ ಪಿಂಚಣಿಯವರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು, ಅವರದ್ದು ಮೊದಲು ಮುಗಿಸುತ್ತೇವೆ. ಈಗ ಮೊಬೈಲಿನಲ್ಲಿ ಮುಖ ತೋರಿಸಿದರೆ ಆಗುತ್ತೆ. ಜೀವನ್ ಪ್ರಮಾಣ್ ಆ್ಯಪ್ ಜೊತೆಗೆ ಆಧಾರ್ ಫೇಸ್ ಆರ್‌ಡಿ ಆ್ಯಪೂ ಇರಬೇಕು. ಆಧಾರ್, ಪಿಪಿಓ (ಪಿಂಚಣಿ ಆದೇಶದ) ನಂಬರ್, ಬ್ಯಾಂಕ್ ಖಾತೆ ನಂಬರ್, ಓಟಿಪಿ ಬರುವ ಫೋನ್, ಇವಿಷ್ಟು ತನ್ನಿ ಅಂತ ಹಿಂದಿನ ದಿನವೇ ಬರೆಯುತ್ತೇನೆ. ಕಿಟಕಿಗೆ ಬೆನ್ನು ಹಾಕಿ ಕೂತರೆ ಆಗಲ್ಲ, ಮುಖ ಮಾಡಿ ಕೂರಿಸಬೇಕು. ಬೆರಳ ಗೆರೆ ಸವೆದವರಿಗೆ ಇದು ದೊಡ್ಡ ಅನುಕೂಲ. ಮಿಲಿಟರಿಯವರದ್ದು ರಕ್ಷಣಾ ಪಿಂಚಣಿಯ ವ್ಯವಸ್ಥೆಯಾದ ಸ್ಪರ್ಶ್‌ಗೆ ಹೋಗಬೇಕು, ಪಿಂಚಣಿ ಯಾರು ಕೊಡುತ್ತಾರೆ ಅನ್ನೋದನ್ನ ಆರಿಸುವಾಗ ಎರಡು ಸಲ ನೋಡಿ.

ಹಬ್ಬಗಳಿಗೆ ನಾನೇನೂ ಕಷ್ಟಪಡಬೇಕಿಲ್ಲ. ಸೆಪ್ಟೆಂಬರ್ 3ಕ್ಕೆ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್, ಅಕ್ಟೋಬರಿನಲ್ಲಿ ತಲಕಾವೇರಿಯ ತೀರ್ಥೋದ್ಭವದ ಹೊತ್ತು, ಎಲ್ಲ ಇಲ್ಲಿಯವರೇ ಬಂದು ಬರೆಸುತ್ತಾರೆ. ಮಳೆಗಾಲದ ಕಕ್ಕಡ ತಿಂಗಳ 18ರಂದು ಮದ್ದು ಸೊಪ್ಪಿನಿಂದ ಮಾಡುವ ಪಾಯಸಕ್ಕೆ ಮಾತ್ರ ಅಡುಗೆಮನೆಗೆ ತಲೆಲೆಕ್ಕ ಕೊಡಬೇಕು, ತಿನ್ನುವವರು ಹೆಸರು ಬರೆಯುತ್ತಾರೆ.

ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಶುರುವಾಗಿದ್ದು, ಈಗ ಅದರ ಸ್ಕೋರ್ ಇಲ್ಲದಿದ್ದರೆ ಹಲಗೆಗೆ ಮರ್ಯಾದೆ ಇಲ್ಲ. ಹಾಕಿ ಕೋಲು ಹಿಡಿಯದ ಬ್ಯಾಂಕಿನವರೂ ಒಂದೊಂದು ಕುಟುಂಬವನ್ನ ಹಿಡಿದುಕೊಂಡು ವಾದ ಮಾಡುತ್ತಾರೆ. ನಾನು ಮೈಸೂರಿಗೆ ಮಗಳ ಮನೆಗೆ ಹೋದರೆ ಸುಬೇದಾರರೇ ಬರೆಯುತ್ತಾರೆ. ಅಕ್ಷರ ನನ್ನದಕ್ಕಿಂತ ದುಂಡಗಿದೆ, ಆದರೆ ಏಪ್ರಿಲಿನಲ್ಲಿ ಬಿಟ್ಟು ಹೋದರೆ ಮಳೆಗೆ ಒಂದು ಮೂಲೆ, ಮಿಕ್ಕಿದ್ದೆಲ್ಲ ಹಾಕಿ.